ಸೌದೆ ಲೋಡಿನ ಮೇಲೆ ಕುಳಿತವರು ಯಾರ ಪಾಲಿಸಿಯಲ್ಲಿದ್ದಾರೆ?

ಮಾನ್ಯ ಸಂಪಾದಕರೇ,

ರೋಹಿಣಿ ಮಳೆ ಹಿಡಿಯುವುದರೊಳಗೆ ವರ್ಷದ ಸೌದೆ ಕೊಟ್ಟಿಗೆ ಸೇರಬೇಕು ಎಂಬುದು ಮಲೆನಾಡಿನ ಮನೆಗಳ ಹಳೆಯ ಲೆಕ್ಕ. ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಬಚ್ಚಲ ಹಂಡೆಗೆ, ಅಡಕೆ ಬೇಯಿಸುವ ಒಲೆಗೆ, ಆಲೆಮನೆಗೆ, ಮದುವೆ ಛತ್ರಗಳ ಅಡುಗೆಗೆ, ಕೊನೆಗೆ ಊರ ಸ್ಮಶಾನಕ್ಕೂ ಸೌದೆಯೇ ಬೇಕು. ಹೀಗಾಗಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಒಮ್ಮೆ, ಅಡಕೆ ಸುಗ್ಗಿ ಶುರುವಾಗುವ ಹೊತ್ತಿಗೆ ಮತ್ತೊಮ್ಮೆ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ರಸ್ತೆಗಳಲ್ಲಿ ಸೌದೆ ಹೇರಿಕೊಂಡ ಪಿಕಪ್, ಟ್ರ್ಯಾಕ್ಟರ್ ಮತ್ತು ಮಿನಿ ಲಾರಿಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಲೋಡಿನ ಮೇಲೆ ಇಬ್ಬರೋ ಮೂವರೋ ಆಳುಗಳು ಹಗ್ಗ ಹಿಡಿದು ಕುಳಿತಿರುತ್ತಾರೆ. ಆ ನೋಟ ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಅವರಿಗೆ ಏನಾದರೂ ಆದರೆ ಹೊಣೆ ಯಾರದು ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಆ ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದೆ, ಜಿಲ್ಲಾಡಳಿತದ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ 22 ವರ್ಷದಿಂದ ಸಣ್ಣದೊಂದು ಸೌದೆ ಡಿಪೋ ನಡೆಸುತ್ತಿದ್ದೇನೆ. ಖಾಸಗಿ ಜಮೀನಿನ ಅಕೇಶಿಯಾ, ಸಿಲ್ವರ್ ಓಕ್, ಒಣಗಿದ ರಬ್ಬರ್ ಮರಗಳನ್ನು ಕೊಂಡು, ಸಿಗಿಸಿ, ಒಣಗಿಸಿ ಮನೆಗಳಿಗೆ ತಲುಪಿಸುವುದು ನನ್ನ ಕಸುಬು. ಒಂದು ಪಿಕಪ್ ಸ್ವಂತದ್ದಿದೆ. ಸುಗ್ಗಿಯಲ್ಲಿ ಬಾಡಿಗೆ ಗಾಡಿಗಳನ್ನೂ ಕರೆಯುತ್ತೇನೆ. ಆದ್ದರಿಂದ ಮುಂದೆ ಬರೆಯುವ ತಪ್ಪುಗಳಲ್ಲಿ ಕೆಲವು ನಾನೇ ವರ್ಷಗಟ್ಟಲೆ ಮಾಡಿಕೊಂಡು ಬಂದವು.

ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ವಾರ. ಮಳೆ ಬರುವ ಸೂಚನೆಯಿತ್ತು, ಗಿರಾಕಿಗಳಿಂದ ಮೇಲಿಂದ ಮೇಲೆ ಫೋನ್ ಬರುತ್ತಿತ್ತು. ಅಂದು ಮೂರನೇ ಲೋಡು ಹೊರಟಾಗ ಸಂಜೆಯಾಗಿತ್ತು. ಮುಂದೆ ಚಾಲಕ ಮತ್ತು ಕ್ಲೀನರ್, ಹಿಂದೆ ಸೌದೆಯ ಮೇಲೆ ಇಬ್ಬರು ಹಮಾಲರು. ಮಂಡಗದ್ದೆ ದಾಟಿ ಒಳದಾರಿಯ ಒಂದು ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂತೆಂದು ಚಾಲಕ ಎಡಕ್ಕೆ ಎಳೆದಾಗ ಗಾಡಿಯ ಚಕ್ರ ರಸ್ತೆ ಅಂಚಿನಿಂದ ಕೆಳಗಿಳಿಯಿತು. ಗಾಡಿ ಮಗುಚಲಿಲ್ಲ. ಆದರೆ ಹಸಿ ಅಕೇಶಿಯಾದ ಸಿಪ್ಪೆ ಜಾರುವ ಗುಣ ಸೌದೆ ಹೊತ್ತವರಿಗೆಲ್ಲ ಗೊತ್ತು. ಮೇಲಿನ ಎರಡು ಸಾಲು ಒಮ್ಮೆಗೇ ಜಾರಿತು, ಹಗ್ಗ ಸಡಿಲವಾಯಿತು, ಅದನ್ನು ಹಿಡಿದು ಕುಳಿತಿದ್ದವರಲ್ಲಿ ಒಬ್ಬರು ಸೌದೆಯ ಜೊತೆಗೇ ಚರಂಡಿಗೆ ಬಿದ್ದರು. ಅವರ ಸೊಂಟದ ಮೂಳೆ ಮುರಿದಿತ್ತು. ಸಿಗಿದ ಸೌದೆಯ ಒಂದು ತುಂಡು ತೊಡೆಯಲ್ಲಿ ಹೊಕ್ಕಿತ್ತು. ಅವರನ್ನು ಎತ್ತಿ ಅದೇ ಬಸ್ಸಿನ ಉದ್ದ ಸೀಟಿನ ಮೇಲೆ ಮಲಗಿಸಿದಾಗ ಅವರು ಕೇಳಿದ್ದು, ಸೌದೆ ತಲುಪಿಸುವುದು ಹೇಗೆ ಎಂದು.

ನನಗೆ ಆಗ ಇದ್ದ ಧೈರ್ಯ ಒಂದೇ: ‘ಗಾಡಿಗೆ ಫುಲ್ ಇನ್ಶೂರೆನ್ಸ್ ಇದೆ.’ ಈ ಮಾತನ್ನು ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ವಿಮಾ ಕಚೇರಿಯ ಮೇಜಿನ ಮುಂದೆ ಕುಳಿತು ಅದೇ ಪಾಲಿಸಿಯನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದಾಗ ಗೊತ್ತಾಗಿದ್ದು ಬೇರೆ. ಆಸನ ಸಂಖ್ಯೆ ಎಂಬ ಜಾಗದಲ್ಲಿ ಚಾಲಕ ಸೇರಿ 2 ಎಂದಿತ್ತು. ಸಂಬಳದ ಚಾಲಕನ ಹೊಣೆಗೆಂದು ಕಟ್ಟಿಸಿಕೊಂಡ ಹೆಚ್ಚುವರಿ ಪ್ರೀಮಿಯಂ 50 ರೂಪಾಯಿ, ಒಬ್ಬ ವ್ಯಕ್ತಿಗೆ. ಲೋಡು ಮಾಡುವ ಆಳುಗಳು ಎಂಬ ಸಾಲಿನ ಎದುರು ಸೊನ್ನೆ. ಎರಡು ಆಸನಗಳಲ್ಲಿ ಚಾಲಕನೂ ಕ್ಲೀನರೂ ಕುಳಿತಿದ್ದರಿಂದ, ಸೌದೆಯ ಮೇಲಿದ್ದವರು ಪಾಲಿಸಿಯ ಲೆಕ್ಕದಲ್ಲಿ ಆ ಗಾಡಿಯಲ್ಲೇ ಇರಲಿಲ್ಲ. ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು ಎಂದರು. ಸೊಂಟ ಮುರಿದುಕೊಂಡು ಮಲಗಿದ ಮನುಷ್ಯನಿಗೆ ವರ್ಷಗಟ್ಟಲೆ ಕಾಯಿರಿ ಎನ್ನುವ ಮುಖ ನನಗಿರಲಿಲ್ಲ. ಆಸ್ಪತ್ರೆಯ ಖರ್ಚನ್ನೂ, ಎಂಟು ತಿಂಗಳ ಕೂಲಿಯನ್ನೂ ಅಡಕೆ ಮಾರಿದ ಹಣದಲ್ಲಿ ಕೊಟ್ಟೆ. ಅವರು ಈಗ ಡಿಪೋದಲ್ಲಿ ತೂಕದ ಚೀಟಿ ಬರೆಯುವ ಕೆಲಸದಲ್ಲಿದ್ದಾರೆ. ಭಾರ ಎತ್ತುವ ಕೆಲಸ ಇನ್ನು ಅವರಿಂದ ಆಗುವುದಿಲ್ಲ.

ಇದರಲ್ಲಿ ನಾನು ವಿಮಾ ಕಚೇರಿಯವರನ್ನಷ್ಟೇ ದೂರುತ್ತಿಲ್ಲ. ಆದರೆ ಪಾಲಿಸಿ ಮಾರುವಾಗ ‘ಸೌದೆ ವ್ಯಾಪಾರವೆಂದರೆ ಗಾಡಿಯಲ್ಲಿ ಆಳುಗಳು ಬರುತ್ತಾರಲ್ಲವೇ, ಎಷ್ಟು ಜನ?’ ಎಂಬ ಒಂದು ಪ್ರಶ್ನೆಯನ್ನು ಅವರು ಕೇಳಬಹುದಿತ್ತು, ನಾನೂ ಕೇಳಬಹುದಿತ್ತು. ಹತ್ತೊಂಬತ್ತು ವರ್ಷ ಇಬ್ಬರೂ ಕೇಳಿರಲಿಲ್ಲ.

ಆ ನಂತರ ವಕೀಲರನ್ನು, ಸಾರಿಗೆ ಕಚೇರಿಯವರನ್ನು ಕೇಳಿ ತಿಳಿದುಕೊಂಡದ್ದನ್ನು ನನ್ನಂಥ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿಯ ಹೊಣೆಯ ವಿಮೆ ಇಲ್ಲದೆ ಯಾವ ಗಾಡಿಯೂ ರಸ್ತೆಗೆ ಇಳಿಯುವಂತಿಲ್ಲ. ಇಳಿದರೆ ಮೊದಲ ಬಾರಿಗೆ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಜೈಲು ಅಥವಾ ಎರಡೂ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಮೂರನೇ ವ್ಯಕ್ತಿ ಪ್ರೀಮಿಯಂ ವರ್ಷಕ್ಕೆ 16,049 ರೂಪಾಯಿ. ಈ ಹಣ ಕಟ್ಟಿದ ಮೇಲೆ ರಸ್ತೆಯಲ್ಲಿ ನಡೆದುಹೋಗುವವರಿಗೆ, ಬೈಕಿನವರಿಗೆ, ಎದುರು ಬರುವ ಗಾಡಿಯವರಿಗೆ ನಮ್ಮ ಗಾಡಿಯಿಂದ ಸಾವು ನೋವು ಆದರೆ ಪರಿಹಾರಕ್ಕೆ ಮಿತಿಯಿಲ್ಲ. ಅವರ ಆಸ್ತಿಗೆ ಹಾನಿಯಾದರೆ ಏಳೂವರೆ ಲಕ್ಷದವರೆಗೆ ರಕ್ಷಣೆ ಇದೆ. ಮಾಲೀಕನೇ ಚಾಲಕನಾಗಿದ್ದರೆ ಅವನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪ್ರತ್ಯೇಕವಾಗಿ ಇರಬೇಕು. ಇಷ್ಟು ಬಹುತೇಕರಿಗೆ ಗೊತ್ತು.

ಗಾಡಿಯ ಒಳಗೆ ಮತ್ತು ಮೇಲೆ ಇರುವವರ ವಿಷಯ ಬಂದಾಗಲೇ ಗೊಂದಲ ಶುರುವಾಗುವುದು. ಸರಕಿನ ಮಾಲೀಕನಾಗಲಿ ಅವನು ಕಳುಹಿಸಿದ ಪ್ರತಿನಿಧಿಯಾಗಲಿ ಗಾಡಿಯಲ್ಲಿ ಬಂದರೆ ಅವನಿಗೂ ವಿಮೆ ಅನ್ವಯಿಸುತ್ತದೆ ಎಂಬ ಮಾತನ್ನು 147ನೇ ಕಲಮಿಗೆ 1994ರ ತಿದ್ದುಪಡಿಯಲ್ಲಿ ಸೇರಿಸಿದರು. ಆದರೆ ಹೀಗೆ ಬರುವವನು ಕ್ಯಾಬಿನ್ನಿನಲ್ಲಿ ಕುಳಿತಿರಬೇಕು, ಸರಕಿನ ಮೇಲಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ಸೌದೆ ಕೊಂಡವರು ಮನೆಯ ದಾರಿ ತೋರಿಸಲೆಂದು ಲೋಡಿನ ಮೇಲೆ ಹತ್ತಿ ಕೂರುವುದುಂಟು. ಅವರದೇ ಸೌದೆ ಆಗಿದ್ದರೂ ಅಲ್ಲಿ ಕುಳಿತಾಗ ಅವರು ರಕ್ಷಣೆಯಿಂದ ಹೊರಗೆ ಬೀಳುತ್ತಾರೆ. ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿಕೊಳ್ಳುವ ಊರಿನವರಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದ ಹೆಂಗಸರನ್ನು, ಶಾಲೆ ಮಕ್ಕಳನ್ನು ಕರುಣೆಯಿಂದ ಹತ್ತಿಸಿಕೊಳ್ಳುವ ಚಾಲಕರು ಇದನ್ನು ತಿಳಿದಿರಬೇಕು.

ಇನ್ನು ಹಮಾಲರು. ಸರಕು ಗಾಡಿಯಲ್ಲಿ ಒಯ್ಯುವ ನೌಕರರ ಬಗ್ಗೆ ಮಾಲೀಕನಿಗಿರುವ ಹೊಣೆಯನ್ನು 1923ರ ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್‌ನಲ್ಲಿ ಇದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು) ಮಟ್ಟಿಗೆ ಕಡ್ಡಾಯ ವಿಮೆಯೊಳಗೆ ತಂದಿದ್ದರು, ನಿಜ. ಆದರೆ ಎಷ್ಟು ಜನರಿಗೆ ಎಂಬಲ್ಲಿ ವಾದ ಹುಟ್ಟುತ್ತದೆ. ಆಸನ ಸಂಖ್ಯೆ ಎಷ್ಟು, ಎಷ್ಟು ತಲೆಗೆ ಪ್ರೀಮಿಯಂ ಕಟ್ಟಿದ್ದೀರಿ, ಅವರು ಗಾಡಿ ಮಾಲೀಕನ ಆಳುಗಳೋ ಸೌದೆ ಕೊಂಡವರ ಆಳುಗಳೋ ಎಂದು ಕೇಳುತ್ತಾರೆ. ಈ ಹೊಣೆ ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. 1923ರ ಕಾಯ್ದೆಯ ಸೂತ್ರದ ಪ್ರಕಾರ ಕೆಲಸದ ವೇಳೆ ಆಳು ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಿದ್ದರು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿಗೆ ಏರಿಸಿದರು. 40 ವರ್ಷದವನಿಗೆ ಆ ಅಂಕಿ 184.17. ಅಂದರೆ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಒಂದು ಪಿಕಪ್ ಇಟ್ಟುಕೊಂಡು ಜೀವನ ನಡೆಸುವ ಎಷ್ಟು ಜನ ಈ ಹಣವನ್ನು ಮನೆ ತೋಟ ಮಾರದೆ ಕೊಟ್ಟಾರು? ಕೊಡಲಾಗದಿದ್ದರೆ ಸತ್ತವನ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು?

ಇದಕ್ಕೆ ದಾರಿ ಇದೆ, ಅದೇನೂ ದುಬಾರಿಯಲ್ಲ. ಚಾಲಕ, ಕ್ಲೀನರ್, ಆಳುಗಳ ಹೊಣೆಯನ್ನು ತಲೆ ಲೆಕ್ಕದಲ್ಲಿ ಪಾಲಿಸಿಗೆ ಸೇರಿಸಬೇಕು. ಆಸನ ಸಂಖ್ಯೆ ಮೀರಿದ ಆಳುಗಳನ್ನು ಗಾಡಿಯಲ್ಲಿ ಕಳುಹಿಸಲೇಬಾರದು. ಡಿಪೋದಲ್ಲಿ ಸಿಗಿಯುವಾಗ, ಹೇರುವಾಗ, ಇಳಿಸುವಾಗ ಆಗುವ ಅಪಘಾತಗಳಿಗೆಂದು ನೌಕರರ ಪರಿಹಾರ ವಿಮೆಯನ್ನು ಬೇರೆಯಾಗಿಯೇ ಮಾಡಿಸಬೇಕು. ಗಾಡಿಯ ಪಾಲಿಸಿ ಗಾಡಿಗೆ ಸಂಬಂಧಿಸಿದ್ದಕ್ಕೆ ಮಾತ್ರ; ಕೊಡಲಿ ಜಾರಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಇದಲ್ಲದೆ 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯಿರುವ ಪ್ರತಿಯೊಬ್ಬ ಆಳಿಗೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಮಾಡಿಸಬಹುದು, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ಸಿಗುತ್ತದೆ. ಆಸ್ಪತ್ರೆಯ ಖರ್ಚು ಅದರಲ್ಲಿ ಬರುವುದಿಲ್ಲ ಎಂಬುದನ್ನೂ ಆಳುಗಳಿಗೆ ಮೊದಲೇ ತಿಳಿಸಬೇಕು. ನಾನು ಈಗ ಒಬ್ಬ ಆಳನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಉಳಿದವರನ್ನು ಪ್ಯಾಸೆಂಜರ್ ಆಟೋದಲ್ಲಿ ಕಳುಹಿಸುತ್ತೇನೆ. ಆಟೋ ಬಾಡಿಗೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯುತ್ತೇನೆ. ಕೆಲವು ಗಿರಾಕಿಗಳು ‘ಇದ್ಯಾಕೆ ಮಾರಾಯ್ರೆ, ಮೊದಲೆಲ್ಲ ಮೇಲೆ ಕೂತೇ ಬರ್ತಿದ್ರಲ್ಲ?’ ಎಂದು ಕೇಳುತ್ತಾರೆ. ಕಾರಣ ಹೇಳಿದ ಮೇಲೆ ಕೊಡದೆ ಇದ್ದವರು ಇದುವರೆಗೆ ಇಬ್ಬರೋ ಮೂವರೋ ಅಷ್ಟೆ.

ಇದಕ್ಕಿಂತಲೂ ಕಷ್ಟದ ವಿಷಯ ಬಿಳಿ ಬೋರ್ಡಿನ ಗಾಡಿಗಳದು. ತೋಟದ ಕೆಲಸಕ್ಕೆಂದು ಕೊಂಡ ಟ್ರ್ಯಾಕ್ಟರ್, ಮನೆ ಬಳಕೆಗೆಂದು ನೋಂದಣಿ ಮಾಡಿಸಿದ ಜೀಪು ಸುಗ್ಗಿಯಲ್ಲಿ ಬಾಡಿಗೆಗೆ ಸೌದೆ ಹೊಡೆಯುತ್ತವೆ. ನೆರೆಯವರ ಸೌದೆಯನ್ನು ಡೀಸೆಲ್ ಖರ್ಚು ತೆಗೆದುಕೊಂಡು ಮುಟ್ಟಿಸುವುದು ಹಳ್ಳಿಯ ಸಹಾಯದ ಪದ್ಧತಿ, ಅದನ್ನು ನಾನು ಅಪರಾಧ ಎನ್ನಲಾರೆ. ಆದರೆ ಕಾನೂನು ನೋಡುವುದು ಹಣ ಕೈ ಬದಲಾಯಿತೇ, ಗಾಡಿಯನ್ನು ನೋಂದಣಿ ಮಾಡಿಸಿದ ಮತ್ತು ವಿಮೆ ಮಾಡಿಸಿದ ಉದ್ದೇಶಕ್ಕೆ ಬಳಸಲಾಗಿತ್ತೇ ಎಂಬುದನ್ನು. ಕೃಷಿ ಬಳಕೆ ಎಂದು ಬರೆದಿರುವ ಪಾಲಿಸಿಯ ಟ್ರ್ಯಾಕ್ಟರ್ ಬಾಡಿಗೆಗೆ ಹೋಗಿ ಅಪಘಾತ ಮಾಡಿದರೆ ವಿಮಾ ಕಂಪನಿಗೆ ಕೈ ಎತ್ತಲು ಅದೊಂದೇ ಸಾಲು ಸಾಕು. ಇನ್ನೊಂದು ಅಂಶ ಅನೇಕರಿಗೆ ಗೊತ್ತಿಲ್ಲ: ಕಾಯ್ದೆಯ ವ್ಯಾಖ್ಯೆಯಲ್ಲಿ ಮೋಟಾರು ವಾಹನವೆಂದರೆ ಟ್ರೇಲರೂ ಸೇರುತ್ತದೆ. ಟ್ರ್ಯಾಕ್ಟರಿನ ಎಂಜಿನ್‌ಗೆ ಮಾತ್ರ ವಿಮೆ ಇದ್ದು ಟ್ರೇಲರ್ ಅದರಲ್ಲಿ ಸೇರಿರದಿದ್ದರೆ, ಸೌದೆ ತುಂಬಿದ ಟ್ರೇಲರ್ ಯಾರ ಮೇಲಾದರೂ ಮಗುಚಿದಾಗ ಹೊಣೆ ಮಾಲೀಕನ ತಲೆಗೇ ಬರುವ ಸಂಭವ ಹೆಚ್ಚು.

ಇಂಥ ಪ್ರಕರಣಗಳಲ್ಲಿ ಗಾಯಗೊಂಡವರು ಬರಿಗೈಯಲ್ಲಿ ಹೋಗಬಾರದೆಂದು ನ್ಯಾಯಾಲಯಗಳು ಎಷ್ಟೋ ಸಲ ‘ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶಿಸುತ್ತವೆ. ನೊಂದವರಿಗೆ ಇದು ದೊಡ್ಡ ಆಸರೆ. ಆದರೆ ಮಾಲೀಕನಾದವನು ತಾನು ಪಾರಾದೆನೆಂದು ತಿಳಿಯಬಾರದು. ವಸೂಲಿಯ ನೋಟಿಸು ಕೆಲವು ವರ್ಷ ಕಳೆದು, ಎಲ್ಲ ಮರೆತ ಮೇಲೆ ಮನೆ ಬಾಗಿಲಿಗೆ ಬರುತ್ತದೆ.

ಹಳೆಯ ಗಾಡಿ ಕೊಂಡವರಿಗೆ ಒಂದು ಮಾತು. ಗಾಡಿ ಕೈ ಬದಲಾದಾಗ ಮೂರನೇ ವ್ಯಕ್ತಿಯ ವಿಮೆ ಕಾನೂನಿನ ಪ್ರಕಾರ ಹೊಸ ಮಾಲೀಕನಿಗೆ ತಾನಾಗಿ ವರ್ಗವಾಗುತ್ತದೆ, ಆದರೆ 14 ದಿನದೊಳಗೆ ಪಾಲಿಸಿಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಗಾಡಿಯ ಸ್ವಂತ ಹಾನಿಯ ವಿಮೆ ಹಾಗೆ ತಾನಾಗಿ ಬರುವುದಿಲ್ಲ. ನಮ್ಮ ಸೌದೆ ಗಾಡಿಗಳಲ್ಲಿ ಮುಕ್ಕಾಲು ಪಾಲು ಎರಡನೇ ಕೈ, ಮೂರನೇ ಕೈ ಗಾಡಿಗಳೇ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕೆಂಬ ನಿಯಮವನ್ನೂ ಇವರೇ ಹೆಚ್ಚು ಮರೆಯುತ್ತಾರೆ. ಚಾಲನಾ ಪರವಾನಗಿಯ ವಿಷಯದಲ್ಲಿ ಮಾತ್ರ ಇತ್ತೀಚೆಗೆ ಸಮಾಧಾನದ ಸುದ್ದಿ ಬಂದಿದೆ: ಲಘು ವಾಹನದ ಪರವಾನಗಿ ಇರುವವರು 7,500 ಕಿಲೋ ಮೀರದ ಸರಕು ವಾಹನವನ್ನು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಆ ಒಂದು ನೆಪದಲ್ಲಿ ಪರಿಹಾರ ತಡೆಯುವುದು ಇನ್ನು ಮುಂದೆ ನಡೆಯದು.

ಈಗ ಭಾರದ ಮಾತಿಗೆ ಬರುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಅಪಘಾತಗಳ ಬೇರು ಇಲ್ಲೇ ಇದೆ. ನನ್ನ ಪಿಕಪ್ಪಿನ ಆರ್‌ಸಿಯಲ್ಲಿ ಒಟ್ಟು ತೂಕ 2,990 ಕಿಲೋ, ಖಾಲಿ ತೂಕ 1,690 ಕಿಲೋ ಎಂದಿದೆ. ಅಂದರೆ ಜನ, ಹಗ್ಗ, ಟಾರ್ಪಾಲು ಎಲ್ಲ ಸೇರಿ 1,300 ಕಿಲೋ ಹೇರಬಹುದು. ಒಟ್ಟು ತೂಕ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ ಎಂಬ ವಿನಾಯಿತಿ ಕಾಯ್ದೆಯಲ್ಲಿದೆ. ಆದರೆ ಪರ್ಮಿಟ್ ಬೇಡ ಎಂದರೆ ಎಷ್ಟು ಬೇಕಾದರೂ ಹೇರಬಹುದು ಎಂದು ನಾವು ಅರ್ಥ ಮಾಡಿಕೊಂಡಿದ್ದೆವು. ಆ ಅಪಘಾತದ ನಂತರ, ಎಂದಿನಂತೆ ಪಕ್ಕದ ಹಲಗೆ ಎತ್ತರಿಸಿ ಹಸಿ ಅಕೇಶಿಯಾ ತುಂಬಿ, ಮೊದಲ ಬಾರಿಗೆ ಅಡಕೆ ಮಂಡಿಯ ಬಳಿಯ ವೇಬ್ರಿಡ್ಜಿಗೆ ಗಾಡಿ ಹತ್ತಿಸಿದೆ. ಚೀಟಿಯಲ್ಲಿ 4,120 ಕಿಲೋ ಎಂದು ಬಂತು. ನಾವು ‘ಒಂದು ಲೋಡು’ ಎಂದು ಇಷ್ಟು ವರ್ಷ ಕರೆಯುತ್ತಿದ್ದದ್ದು ಮಿತಿಗಿಂತ 1,130 ಕಿಲೋ ಹೆಚ್ಚು. ಆ ಚೀಟಿಯನ್ನು ಈಗಲೂ ಡಿಪೋದ ಗೋಡೆಗೆ ಅಂಟಿಸಿಟ್ಟಿದ್ದೇನೆ.

ಹಸಿ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನೀರೇ ಇರುತ್ತದೆ. ಒಣ ಸೌದೆ ತುಂಬಿದಾಗ ಮಿತಿಯೊಳಗೆ ಇರುವ ಗಾಡಿಗೆ ಅಷ್ಟೇ ಎತ್ತರಕ್ಕೆ ಹಸಿ ಸೌದೆ ಹೇರಿದರೆ ಭಾರ ಎಲ್ಲಿಗೋ ಹೋಗುತ್ತದೆ. ಮಳೆಯಲ್ಲಿ ನೆನೆದ ಒಣ ಸೌದೆಯೂ ಹಾಗೆಯೇ. ಹಲಗೆಯ ಗುರುತು ನೋಡಿ ಲೋಡು ಅಳೆಯುವ ಪದ್ಧತಿ ಆದ್ದರಿಂದಲೇ ಮೋಸದ್ದು. ಅದರಲ್ಲೂ ನಮ್ಮಲ್ಲಿ ದರ ಕುದುರಿಸುವುದೇ ‘ಲೋಡಿಗೆ ಇಷ್ಟು’ ಎಂದು. ಆಗ ಗಿರಾಕಿ ಇನ್ನೆರಡು ಸಾಲು ಹಾಕಿ ಎನ್ನುತ್ತಾರೆ, ಮಾರುವವನು ಗಿರಾಕಿ ಕೈತಪ್ಪದಿರಲಿ ಎಂದು ಹಾಕುತ್ತಾನೆ, ಬಾಡಿಗೆಯೂ ಲೋಡಿನ ಲೆಕ್ಕದಲ್ಲೇ ಇರುವುದರಿಂದ ಎರಡು ಸಲ ಹೋಗುವುದನ್ನು ಒಂದೇ ಸಲಕ್ಕೆ ಮುಗಿಸಲು ಎಲ್ಲರೂ ಒಪ್ಪುತ್ತಾರೆ. ಆ ಹೆಚ್ಚಿನ ಭಾರವೆಲ್ಲ ಬೀಳುವುದು ಇಳಿಜಾರಿನಲ್ಲಿ ಬ್ರೇಕಿನ ಮೇಲೆ. ಸೌದೆಯನ್ನು ತೂಕದ ಲೆಕ್ಕದಲ್ಲಿ, ಕ್ವಿಂಟಲಿಗೆ ಇಷ್ಟು ಎಂದು, ಒಣಗಿದ್ದನ್ನೇ ಮಾರುವ ಪದ್ಧತಿ ಬಂದರೆ ಈ ಒತ್ತಡ ಅರ್ಧಕ್ಕರ್ಧ ಇಳಿಯುತ್ತದೆ. ನನ್ನ ಡಿಪೋದಲ್ಲಿ ಎರಡು ವರ್ಷದಿಂದ ಹೀಗೇ ಮಾರುತ್ತಿದ್ದೇನೆ. ಮೊದಲ ವರ್ಷ ವ್ಯಾಪಾರ ಕಡಿಮೆಯಾಯಿತು, ಎರಡನೇ ವರ್ಷ ಸರಿಹೋಯಿತು. ಒಣ ಸೌದೆಯ ಬೆಂಕಿ ಹೇಗಿರುತ್ತದೆಂದು ಅಡಕೆ ಬೇಯಿಸುವವರಿಗೆ ನಾನು ಹೇಳಿಕೊಡಬೇಕಿಲ್ಲ.

ಹೆಚ್ಚು ಭಾರ ಹೇರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮಿನಲ್ಲಿರುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಭಾರವನ್ನು ಮಾಲೀಕನ ಖರ್ಚಿನಲ್ಲೇ ಅಲ್ಲೇ ಇಳಿಸಿದ ಮೇಲಷ್ಟೇ ಗಾಡಿ ಮುಂದೆ ಹೋಗಬಹುದು. ಭಾರ ಮಿತಿಯೊಳಗಿದ್ದರೂ ಸೌದೆ ಗಾಡಿಯ ಮೈಯಿಂದ ಪಕ್ಕಕ್ಕೋ ಹಿಂದಕ್ಕೋ ಚಾಚಿದ್ದರೆ ಅದಕ್ಕೂ 20,000 ರೂಪಾಯಿಯ ದಂಡ ಬೇರೆಯಾಗಿದೆ. ಉದ್ದನೆಯ ಕೊಂಬೆಗಳನ್ನು ಹಿಂದಕ್ಕೆ ಚಾಚಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಆ ಕಾಲ ಹೋಯಿತು. ಅತಿಭಾರದ ಗಾಡಿ ಬಿದ್ದು ಜಖಂ ಆದಾಗ ಸ್ವಂತ ಹಾನಿಯ ಕ್ಲೇಮನ್ನು ಕಡಿತಗೊಳಿಸಲು ಕಂಪನಿಗೂ ಅದೇ ಕಾರಣವಾಗುತ್ತದೆ. ರಸ್ತೆಗೆ ಚೆಲ್ಲಿದ ಸೌದೆಯ ಬೆಲೆಯಂತೂ ಗಾಡಿಯ ಪಾಲಿಸಿಯಲ್ಲಿ ಬರುವುದೇ ಇಲ್ಲ, ಅದಕ್ಕೆ ಸರಕು ಸಾಗಣೆ ವಿಮೆ ಎಂದೇ ಬೇರೆ ಇದೆ.

ಗುಡ್ಡದ ರಸ್ತೆಯ ಒಂದು ನಿಯಮವನ್ನು ಇಲ್ಲಿ ನೆನಪಿಸಬೇಕು. ಕಡಿದಾದ, ಇಕ್ಕಟ್ಟಾದ ದಾರಿಯಲ್ಲಿ ಏರು ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಆಗುಂಬೆಯ 14 ತಿರುವುಗಳಲ್ಲಾಗಲಿ, ಹುಲಿಕಲ್ ಘಾಟಿಯಲ್ಲಾಗಲಿ, ನಮ್ಮ ಒಳಊರುಗಳ ಒಂಟಿ ರಸ್ತೆಯಲ್ಲಾಗಲಿ ಭಾರ ಹೊತ್ತು ಇಳಿಯುವ ಚಾಲಕ, ನಿಲ್ಲಿಸಿದರೆ ಬ್ರೇಕ್ ಹಿಡಿಯುವುದೋ ಇಲ್ಲವೋ ಎಂಬ ಅಂಜಿಕೆಯಿಂದಲೇ ನಿಲ್ಲಿಸದೆ ನುಗ್ಗುತ್ತಾನೆ. ಮಿತಿಯೊಳಗೆ ಹೇರಿದ್ದರೆ ಆ ಅಂಜಿಕೆಯೇ ಇರದು. ಕತ್ತಲಾದ ಮೇಲೆ ಹಿಂದಿನ ದೀಪವಿಲ್ಲದ, ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲನ ಪಟ್ಟಿ ಇಲ್ಲದ ಟ್ರೇಲರುಗಳು ಮಂಜಿನಲ್ಲಿ ರಸ್ತೆ ಬದಿ ನಿಂತಿರುವುದು ಇನ್ನೊಂದು ಅಪಾಯ. ಪಟ್ಟಿ ಅಂಟಿಸಲು ಹಿಡಿಯುವುದು ಅರ್ಧ ಗಂಟೆ.

ಇಷ್ಟೆಲ್ಲ ನಿಯಮಗಳಿದ್ದರೂ ಸೌದೆ ಗಾಡಿಯವರು ನಿಜಕ್ಕೂ ಹೆದರುವುದು ಅರಣ್ಯ ತನಿಖಾ ಠಾಣೆಗೆ ಮಾತ್ರ. ಅದಕ್ಕೆ ಕಾರಣವಿದೆ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು, ಅನುಮತಿ ಬೇಕು. ಸಾಗಿಸುವಾಗ ಅಗತ್ಯವಿರುವ ಪಾಸು ಇಲ್ಲದಿದ್ದರೆ ಸೌದೆಯ ಜೊತೆ ಗಾಡಿಯನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ 1963ರ ಕರ್ನಾಟಕ ಅರಣ್ಯ ಕಾಯ್ದೆಯ 71-ಎ ಕಲಮಿನಲ್ಲಿದೆ. ಗಾಡಿಯೇ ಹೋಗುತ್ತದೆ ಎಂಬ ಭಯದಿಂದ ಎಲ್ಲರೂ ಪಾಸನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಕಾಡು ಉಳಿಯಲು ಈ ತಪಾಸಣೆ ಬೇಕೇ ಬೇಕು. ಆದರೆ ಅದೇ ಠಾಣೆಯ ಮುಂದೆ, ಮರದ ಜಾತಿಯನ್ನೂ ತುಂಡುಗಳ ಲೆಕ್ಕವನ್ನೂ ನೋಡುವ ಹೊತ್ತಿನಲ್ಲಿ, ಆ ಮರದ ಮೇಲೆ ಕುಳಿತ ಮೂರು ಜನರನ್ನು ಯಾರೂ ಕೆಳಗಿಳಿಸುವುದಿಲ್ಲ. ನನ್ನನ್ನು ಬಹಳ ಕಾಡಿದ ಸಂಗತಿ ಇದು. ಅರಣ್ಯ ಇಲಾಖೆಗೆ ಅದು ತನ್ನ ಕೆಲಸವಲ್ಲ, ಪೊಲೀಸರಿಗೆ ಸುಗ್ಗಿಯಲ್ಲಿ ರೈತರನ್ನು ಹಿಡಿದರೆಂಬ ಮಾತು ಬೇಡ, ಸಾರಿಗೆ ಇಲಾಖೆಯ ತಪಾಸಣೆ ಹೆದ್ದಾರಿ ಬಿಟ್ಟು ಒಳರಸ್ತೆಗೆ ಬರುವುದು ಅಪರೂಪ.

ಆದ್ದರಿಂದ ಶಿವಮೊಗ್ಗ ಮತ್ತು ಸಾಗರದ ಸಾರಿಗೆ ಕಚೇರಿಗಳು ಬರುವ ಮಾರ್ಚ್ ತಿಂಗಳಲ್ಲಿ, ಸೌದೆ ಸಾಗಣೆ ಬಿರುಸಾಗುವ ಮೊದಲೇ, ತಾಲ್ಲೂಕಿಗೊಂದು ದಿನ ದಂಡವಿಲ್ಲದ ಶಿಬಿರ ನಡೆಸಬೇಕೆಂದು ಕೋರುತ್ತೇನೆ. ಗಾಡಿಯವರು ಆರ್‌ಸಿ, ಪಾಲಿಸಿ, ಎಫ್‌ಸಿ ತಂದು ತೋರಿಸಲಿ. ಯಾವ ಕಾಗದದಲ್ಲಿ ಏನು ಕೊರತೆಯಿದೆ ಎಂದು ಅಧಿಕಾರಿಗಳು ತಿಳಿಸಲಿ. ಟ್ರ್ಯಾಕ್ಟರನ್ನು ಬಾಡಿಗೆಗೆ ಬಳಸುವವರು ಅದನ್ನು ಕ್ರಮಬದ್ಧಗೊಳಿಸಲು ಏನು ಮಾಡಬೇಕು, ಎಷ್ಟು ಖರ್ಚು ಎಂಬುದನ್ನು ಅಲ್ಲೇ ಹೇಳಲಿ. ಬಿಗಿ ತಪಾಸಣೆ ಅದರ ನಂತರ ಬರಲಿ, ಬರಲೇಬೇಕು. ವಿಮಾ ಕಂಪನಿಗಳು ಸರಕು ವಾಹನದ ಪಾಲಿಸಿಯ ಜೊತೆಗೆ, ಯಾರಿಗೆ ರಕ್ಷಣೆ ಇದೆ ಯಾರಿಗೆ ಇಲ್ಲ ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ ಕೊಡಬೇಕು. ಇಂಗ್ಲಿಷಿನ ಸಣ್ಣ ಅಕ್ಷರದ ಎಂಟು ಹತ್ತು ಪುಟಗಳನ್ನು ನಮ್ಮ ಚಾಲಕರಲ್ಲಿ ಯಾರು ಓದಿಯಾರು? ಅಡಕೆ ಸಹಕಾರ ಸಂಘಗಳಿಗೆ, ಎಪಿಎಂಸಿಗೆ ವೇಬ್ರಿಡ್ಜ್ ಇದೆ. ಸುಗ್ಗಿಯಿಲ್ಲದ ಬೇಸಿಗೆ ತಿಂಗಳುಗಳಲ್ಲಿ ಸೌದೆ ಗಾಡಿಗಳಿಗೆ ಕಡಿಮೆ ದರದಲ್ಲಿ ತೂಕ ಮಾಡಿಕೊಡಲು ಅವು ಮನಸ್ಸು ಮಾಡಿದರೆ ತೂಕದ ಲೆಕ್ಕದ ವ್ಯಾಪಾರ ತಾನಾಗಿ ರೂಢಿಗೆ ಬರುತ್ತದೆ.

ಸೌದೆ ತರಿಸುವ ಮನೆಯವರಲ್ಲಿ, ಛತ್ರದವರಲ್ಲಿ, ಹೋಟೆಲಿನವರಲ್ಲಿ ನನ್ನ ವಿನಂತಿ ಇಷ್ಟೇ. ಗಾಡಿ ಅಂಗಳಕ್ಕೆ ಬಂದಾಗ ಸೌದೆ ಒಣಗಿದೆಯೇ ಎಂದು ನೋಡುವಂತೆ, ಆಳುಗಳು ಎಲ್ಲಿ ಕುಳಿತು ಬಂದರು ಎಂಬುದನ್ನೂ ನೋಡಿ; ಮೇಲೆ ಕುಳಿತು ಬಂದಿದ್ದರೆ ಮುಂದಿನ ಸಲ ಹಾಗೆ ಕಳುಹಿಸಬೇಡಿ ಎಂದು ಹೇಳಿ. ಡಿಪೋದವರಿಗೆ ಗಿರಾಕಿಯ ಒಂದು ಮಾತು ಪೊಲೀಸರ ಹತ್ತು ನೋಟಿಸಿಗಿಂತ ಹೆಚ್ಚು ತಾಗುತ್ತದೆ.

ಸಾರಿಗೆ ಇಲಾಖೆ ನಮ್ಮ ತಾಲ್ಲೂಕಿನಲ್ಲಿ ಶಿಬಿರ ನಡೆಸುವುದಾದರೆ ನನ್ನ ಗಾಡಿಯ ಹಳೆಯ ಪಾಲಿಸಿ, ಈಗಿನ ಪಾಲಿಸಿ, ಮತ್ತು ಗೋಡೆಗೆ ಅಂಟಿಸಿರುವ ಆ 4,120 ಕಿಲೋದ ಚೀಟಿಯನ್ನು ಬೇರೆ ಗಾಡಿಯವರಿಗೆ ತೋರಿಸಲು ತಂದುಕೊಡುತ್ತೇನೆ. ಅಂದು ಬಿದ್ದವರೂ ಜೊತೆಗೆ ಬಂದು ಮಾತನಾಡಲು ಒಪ್ಪಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಸೌದೆ ಡಿಪೋ ನಡೆಸುವ ಒಬ್ಬ ಓದುಗ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ